ತಾಯಿಕೋಶದ ಅಕ್ಕೋರು

ಕಾಲೇಜಿನ ಸಭಾಂಗಣದಲ್ಲಿ ನಡೆದ ಸಂತಾಪ ಸಭೆಯಲ್ಲಿ ಮಾತಾಡಿದವರೆಲ್ಲ ಅಕ್ಕೋರನ್ನು ಸಹನಾಮೂರ್ತಿ ಎಂದು ಕರೆದರು. ಆಡಳಿತ ಮಂಡಳಿಯ ಅಧ್ಯಕ್ಷರಂತೂ, ಇಷ್ಟು ವರ್ಷಗಳಲ್ಲಿ ಅವರು ಒಮ್ಮೆಯೂ ದನಿ ಎತ್ತಿದ್ದನ್ನು ತಾವು ಕೇಳಿಲ್ಲ ಎಂದರು. ನನ್ನ ಪಕ್ಕದಲ್ಲಿದ್ದ ಗ್ರಂಥಪಾಲಕರು ಕೆಮ್ಮಿದರು. ನಾನು ಎದ್ದು ಹೊರಗೆ ಬಂದುಬಿಟ್ಟೆ. ಇದೇ ಅಧ್ಯಕ್ಷರ ಕೋಣೆಯ ಬಾಗಿಲು ಮುಚ್ಚಿದ್ದಾಗಲೂ ಅಕ್ಕೋರ ದನಿ ಅಂಗಳ ದಾಟಿ ಸೈಕಲ್ ಸ್ಟ್ಯಾಂಡಿನವರೆಗೆ ಕೇಳಿಸಿದ್ದನ್ನು ನಮ್ಮ ಕಾಲೇಜಿನ ಜವಾನನಿಂದ ಹಿಡಿದು ಎಲ್ಲರೂ ಬಲ್ಲರು. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎನ್ನುತ್ತಾರೆ. ಆಗಲಿ. ಅವರಲ್ಲಿದ್ದ ಒಳ್ಳೆಯದೆಂದರೆ ಅವರ ಸಿಟ್ಟು. ಅದನ್ನೂ ಅವರ ಜೊತೆಗೇ ಮಣ್ಣು ಮಾಡಲು ಹೊರಟವರನ್ನು ಕಂಡು ನನಗೆ ಸುಮ್ಮನಿರಲಾಗಲಿಲ್ಲ.

ಅವರು ಶಹಾಪುರದ ನಮ್ಮ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದರು, ನಾನು ಕನ್ನಡ. ಉಳಿದ ಅಧ್ಯಾಪಕಿಯರೆಲ್ಲ ‘ಮೇಡಂ’ ಆಗಿದ್ದರೂ ಅವರು ಮಾತ್ರ ಹಳ್ಳಿಯ ಶಾಲೆಯ ವಾಡಿಕೆಯಂತೆ ‘ಅಕ್ಕೋರು’ ಆಗಿಯೇ ಉಳಿದರು. ಕೃಷ್ಣೆಯ ದಂಡೆಯ ಊರಿನವರು. ತಂದೆ ಹೊಳೆಗೆ ಬಲೆ ಬೀಸುತ್ತಿದ್ದರು, ತುಂಡು ಹೊಲವನ್ನೂ ಮಾಡುತ್ತಿದ್ದರು. ಅಕ್ಕೋರು ಓದಿಕೊಂಡು ಹೈದರಾಬಾದಿನ ಒಂದು ಪ್ರಯೋಗಾಲಯ ಸೇರಿ, ಬೆಳೆಯುವ ಭ್ರೂಣದ ಮಿದುಳಿನ ಮೇಲೆ ಬಹಳ ವರ್ಷ ಕೆಲಸ ಮಾಡಿದ್ದರು. ತಾಯಿ ಹಾಸಿಗೆ ಹಿಡಿದಾಗ ವಾಪಸು ಬಂದವರು ಮತ್ತೆ ಹೋಗಲಿಲ್ಲ, ಮದುವೆಯನ್ನೂ ಆಗಲಿಲ್ಲ. ಅದರ ಬಗ್ಗೆ ಅವರಾಗಿ ಹೇಳಿದ್ದಿಲ್ಲ, ನಾವು ಕೇಳಿದ್ದೂ ಇಲ್ಲ. ಸಿಟ್ಟು ಬಂದಾಗ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಿದ್ದರು. ಒರೆಸುವುದು ಮುಗಿಯುವಷ್ಟರಲ್ಲಿ ಎದುರಿಗಿದ್ದವನು ಜಾಣನಾಗಿದ್ದರೆ ಜಾಗ ಖಾಲಿ ಮಾಡುತ್ತಿದ್ದ.

ಅವರು ಬಂದ ವರ್ಷ ನಮ್ಮ ಪ್ರಯೋಗಾಲಯದಲ್ಲಿ ಒಂದೇ ಒಂದು ಒಳ್ಳೆಯ ಸೂಕ್ಷ್ಮದರ್ಶಕವಿತ್ತು. ಒಡೆದರೆ ಯಾರು ಹೊಣೆ ಎಂದು ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದರು. ಆಯುಧಪೂಜೆಯ ದಿನ ಹೊರಗೆ ತೆಗೆದು, ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ ಮತ್ತೆ ಒಳಗಿಡುತ್ತಿದ್ದರು. ಅಕ್ಕೋರು ಮಸೂರಕ್ಕೆ ಹತ್ತಿದ್ದ ಕುಂಕುಮ ಒರೆಸಿ ಅದನ್ನು ಹೊತ್ತುಕೊಂಡು ಹೋಗಿ ಅಂಗಳದ ನೆರಳಲ್ಲಿಟ್ಟರು. ಕರೆಂಟು ಇರಲಿ ಬಿಡಲಿ, ಅದರ ಕೆಳಗಿನ ಕನ್ನಡಿಗೆ ಯಾದಗಿರಿ ಜಿಲ್ಲೆಯ ಬೆಳಕು ಸಾಕು ಎಂದರು. ಪ್ರಾಚಾರ್ಯರು ಗಾಬರಿಯಾಗಿ ಬಂದು, ಅದು ಒಡೆದುಹೋದರೆ ಏನು ಗತಿ ಎಂದರು. “ನೋಡಲಾರದ ಇಟ್ಟರ ಅದು ಈಗs ಒಡದಂಗ್ರಿ” ಎಂದು ಹೇಳಿ ಸಾಲಿನಲ್ಲಿದ್ದ ಮುಂದಿನ ಹುಡುಗಿಯನ್ನು ಕರೆದರು.

ತತ್ತಿಯ ಗಲಾಟೆ ಅದರ ಮರುವರ್ಷದ್ದು. ಮಿದುಳು ಹೇಗೆ ಶುರುವಾಗುತ್ತದೆ ಎಂದು ತೋರಿಸಲು ಅವರಿಗೆ ಕಾವು ಸಿಕ್ಕ ಕೋಳಿತತ್ತಿ ಬೇಕಿತ್ತು. ಹತ್ತಿರದ ಗೋಗಿ ಹಳ್ಳಿಯಿಂದ ಬರುತ್ತಿದ್ದ ದೇವಮ್ಮ ಎಂಬ ವಿದ್ಯಾರ್ಥಿನಿ ಕಾವಿಗೆ ಕೂತ ಜವಾರಿ ಕೋಳಿಯ ಕೆಳಗಿನಿಂದ ಕೆಲವು ತತ್ತಿ ತೆಗೆದು, ಜೋಳದ ನಡುವೆ ಹುದುಗಿಸಿ, ತುಂಬಿದ ಆಟೋದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದಳು. ವಿಷಯ ಹೇಗೋ ಮಂಡಳಿಗೆ ತಲುಪಿತು. ವಿದ್ಯಾಮಂದಿರದಲ್ಲಿ ತತ್ತಿ ಒಡೆಯಕೂಡದು ಎಂದು ಅಪ್ಪಣೆಯಾಯಿತು. ಇದೇ ಮಹನೀಯರು ಊರ ಹೊರಗಿನ ಧಾಬಾದಲ್ಲಿ ಏನೇನು ಒಡೆಯುತ್ತಾರೆಂದು ಗೊತ್ತಿದ್ದ ನಮಗೆಲ್ಲ ನಗು ಬಂತು, ಅಕ್ಕೋರಿಗೆ ಬರಲಿಲ್ಲ. ಸೂಕ್ಷ್ಮದರ್ಶಕವನ್ನು ತಮ್ಮ ಬಾಡಿಗೆ ಮನೆಗೆ ಸಾಗಿಸಿ, ಹಿತ್ತಲಿನಲ್ಲಿ ಪಾಠ ಮಾಡಿದರು. ನಾನೂ ಹೋಗಿದ್ದೆ. ಗಾಜಿನ ಬಟ್ಟಲಲ್ಲಿ ಕೂದಲೆಳೆಗಿಂತ ಸ್ವಲ್ಪ ದಪ್ಪನೆಯ ಒಂದು ಗೆರೆ, ಅದರ ಪಕ್ಕದಲ್ಲಿ ಮಿಡಿಯುವ ಕೆಂಪು ಚುಕ್ಕೆ. ದೇವಮ್ಮ ಬಹಳ ಹೊತ್ತು ಕಣ್ಣಿಟ್ಟು ನೋಡಿ, ಇದು ಮಿದುಳಲ್ಲ, ಬರೇ ಕೊಳವೆ ಎಂದಳು. “ನಿಂದೂ ಹಿಂಗs ಇತ್ತವಾ. ನಂದೂ” ಎಂದರು ಅಕ್ಕೋರು.

ಅವರು ಹೇಳುತ್ತಿದ್ದುದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಆ ಕೊಳವೆಯ ಒಳಗೋಡೆಯ ತುಂಬ ಮೂಲದ ಕೋಶಗಳಿರುತ್ತವೆ. ಮೊದಲು ಅವು ಒಂದು ಎರಡಾಗಿ ತಮ್ಮ ಬಳಗವನ್ನೇ ಬೆಳೆಸಿಕೊಳ್ಳುತ್ತವೆ. ಆಮೇಲೆ ಒಡೆದಾಗ ಒಂದು ಪಾಲು ಮೂಲವಾಗಿಯೇ ಉಳಿಯುತ್ತದೆ, ಇನ್ನೊಂದು ನರಕೋಶವಾಗಲು ಹೊರಡುತ್ತದೆ. ಹೊರಟದ್ದು ತನ್ನನ್ನು ಹೆತ್ತ ಕೋಶದ ಉದ್ದನೆಯ ಎಳೆಯನ್ನೇ ಹಿಡಿದು ಮೇಲೇರುತ್ತದೆ. ಮೊದಲು ಹುಟ್ಟಿದವು ಒಳಪದರದಲ್ಲಿ ನೆಲೆ ನಿಲ್ಲುತ್ತವೆ. ಹಿಂದಿನಿಂದ ಹುಟ್ಟಿದವು ಅವನ್ನು ದಾಟಿಕೊಂಡು ಇನ್ನೂ ಮೇಲಕ್ಕೆ ಹೋಗುತ್ತವೆ. ನರಕೋಶಗಳ ಹೊತ್ತು ಮುಗಿಯುತ್ತಾ ಬಂದಂತೆ ಅದೇ ಮೂಲಕೋಶಗಳು ಬೇರೆಯದನ್ನು ಹೆರುತ್ತವೆ: ನರಕೋಶವನ್ನು ಸಾಕುವ ನಕ್ಷತ್ರದಾಕಾರದವು, ನಂತರ ನರದ ಎಳೆಗೆ ಹೊದಿಕೆ ಸುತ್ತುವವು. ಒಳಗಿನ ಡಿಎನ್‌ಎ ಬರಹ ಎಲ್ಲದರಲ್ಲೂ ಒಂದೇ. ಅದರಲ್ಲಿ ಯಾವ ಭಾಗ ಓದಬೇಕು, ಯಾವುದನ್ನು ಮುಚ್ಚಿಡಬೇಕು ಎನ್ನುವುದು ಹುಟ್ಟಿದ ಜಾಗ, ಹುಟ್ಟಿದ ಹೊತ್ತು, ಸುತ್ತಲಿನ ಕೋಶಗಳು ಕೊಡುವ ಸೂಚನೆ ಇವುಗಳ ಮೇಲೆ ನಿಂತಿದೆ. “ಕೋಶಕ್ಕ ಕೇಳಬೇಕು, ಎಲ್ಲಿ ಹುಟ್ಟಿದಿ, ಯಾವಾಗ ಹುಟ್ಟಿದಿ, ಬಾಜೂಕ ಯಾರದಾರ ಅಂತ. ಅಷ್ಟು ಕೇಳಲಾರದ ಇದು ಇಂಥಾದ್ದs ಆಗ್ತದ ಅನ್ನಾಂವ ಸುಳ್ಳ ಹೇಳ್ತಾನ” ಎನ್ನುವುದು ಅವರ ಪಾಠದಲ್ಲಿ ಪ್ರತಿವರ್ಷ ಬರುವ ಮಾತಾಗಿತ್ತು.

ಈ ಮೂಲಕೋಶಗಳಿಗೆ, ಅಂದರೆ ‘ಸ್ಟೆಮ್ ಸೆಲ್’ಗೆ, ಪುಸ್ತಕದಲ್ಲಿದ್ದ ‘ಕಾಂಡಕೋಶ’ ಎಂಬ ಪದ ಅವರಿಗೆ ಸೇರುತ್ತಿರಲಿಲ್ಲ. ಒಂದು ದಿನ ಸ್ಟಾಫ್ ರೂಮಿನಲ್ಲಿ ರೊಟ್ಟಿ ಪುಂಡಿಪಲ್ಯ ಬಿಚ್ಚಿಕೊಂಡು ಕೂತು, ಕನ್ನಡ ಮೇಷ್ಟರು ಸಂಬಳ ತಗೊಳ್ಳುವುದು ಯಾಕೆ, ನೆಟ್ಟಗೆ ಒಂದು ಪದ ಕೊಡಿ ಎಂದು ನನ್ನ ಮೇಲೆ ಬಿದ್ದರು. ಕಾಂಡ ಎಂದರೆ ಹುಡುಗರಿಗೆ ತೊಗರಿ ಕಟ್ಟಿಗೆ ನೆನಪಾಗುತ್ತದಂತೆ. ನಾನು ಸಂಸ್ಕೃತದ ಒಂದೆರಡು ಸಮಾಸ ಹೊಸೆದು ಕೊಟ್ಟೆ. ಅವನ್ನು ಕೇಳಿದರೆ ಗೋಗಿಯ ಹುಡುಗಿ ಕ್ಲಾಸು ಬಿಟ್ಟು ಓಡಿಹೋಗುತ್ತಾಳೆ ಎಂದರು. ಕೊನೆಗೆ ಅವರೇ ‘ತಾಯಿಕೋಶ’ ಎಂದು ಇಟ್ಟುಕೊಂಡರು. ಆ ಪದದಲ್ಲಿ ಕಾಲೇಜಿನ ವಾರ್ಷಿಕ ಸಂಚಿಕೆಗೆ ಒಂದು ಲೇಖನ ಬರೆದರು. ಅಷ್ಟು ತಿಳಿಯಾದ ಕನ್ನಡವನ್ನು ನಾನು ಆ ಸಂಚಿಕೆಯಲ್ಲಿ ಬೇರೆಲ್ಲೂ ಓದಲಿಲ್ಲ, ನನ್ನ ಲೇಖನವನ್ನೂ ಸೇರಿಸಿ.

ದೇವಮ್ಮ ಪಿಯುಸಿ ಚೆನ್ನಾಗಿ ಪಾಸು ಮಾಡಿದಳು. ನರ್ಸಿಂಗ್ ಓದುವ ಮನಸ್ಸಿತ್ತು. ಮನೆಯವರು ಸುರಪುರದ ಪಕ್ಕದ ರಂಗಂಪೇಟೆಗೆ ಮದುವೆ ಮಾಡಿ ಕೊಟ್ಟರು. ಕೆಲವು ವರ್ಷ ಸುದ್ದಿಯಿಲ್ಲದೆ, ಒಂದು ಮಧ್ಯಾಹ್ನ ಸೊಂಟದ ಮೇಲೆ ಹೆಣ್ಣು ಕೂಸನ್ನು ಕೂರಿಸಿಕೊಂಡು ಪ್ರಯೋಗಾಲಯದ ಬಾಗಿಲಲ್ಲಿ ನಿಂತಳು. ನಾನು ಆಗ ಅಲ್ಲೇ ಇದ್ದೆ. ಹೆರಿಗೆ ಕಷ್ಟವಾಗಿ, ಕೂಸು ಹುಟ್ಟಿದ ಕೂಡಲೇ ಅತ್ತಿರಲಿಲ್ಲ. ನಡೆಯುವ ವಯಸ್ಸು ದಾಟಿದರೂ ಕುತ್ತಿಗೆ ನಿಲ್ಲುತ್ತಿರಲಿಲ್ಲ, ಕೈಕಾಲು ಸೆಟೆದುಕೊಳ್ಳುತ್ತಿದ್ದವು. ರಾಯಚೂರಿನ ದವಾಖಾನೆಗೂ ಹೋಗಿದ್ದರು, ಅಬ್ಬೆತುಮಕೂರಿನ ಮಠಕ್ಕೆ ಹರಕೆಯೂ ಆಗಿತ್ತು. ಕೂಸಿನ ಬಾಯಲ್ಲಿ ಒಂದು ಮಾತು ಮಾತ್ರ ಇತ್ತು. ದೇವಮ್ಮ ಮುಖ ತಿರುಗಿಸಿದರೆ ಸಾಕು, ಎಳೆದು ಎಳೆದು “ಅವ್ವಾ” ಎನ್ನುತ್ತಿತ್ತು.

ದೇವಮ್ಮ ಅಂದು ಅಳುತ್ತ ಬಂದಿರಲಿಲ್ಲ. ಅವಳ ಮುಖದಲ್ಲಿ ಹಬ್ಬದ ಕಳೆಯಿತ್ತು. ಕೈಯಲ್ಲಿ ಮಿರುಗುವ ಕಾಗದದ ಒಂದು ಕರಪತ್ರ. ದೊಡ್ಡ ಊರಿನ ಖಾಸಗಿ ದವಾಖಾನೆಯೊಂದು ಸುರಪುರದಲ್ಲಿ ಶಿಬಿರ ನಡೆಸಲಿದೆ, ತಾಯಿಕೋಶದ ಸೂಜಿಯಿಂದ ಇಂಥ ಮಕ್ಕಳ ಮಿದುಳು ಮತ್ತೆ ಬೆಳೆಯುತ್ತದೆ ಎಂದು ಅದರಲ್ಲಿತ್ತು.

“ಅಕ್ಕೋರೆ, ನೀವು ಕಲಿಸಿದ್ದs ಬಂದದ ನೋಡ್ರಿ. ತಾಯಿಕೋಶದಿಂದ ಮಿದುಳಿನ ಎಲ್ಲಾ ಕೋಶ ಹುಟ್ಟತಾವ ಅಂತ ನೀವs ಹೇಳಿದ್ರಲ್ರಿ” ಎಂದಳು.

ಅಕ್ಕೋರು ಕರಪತ್ರ ಓದಿದರು. ನಾನೂ ಇಣುಕಿದೆ. ಸಂಚಿಕೆಯ ಲೇಖನದ ಎರಡು ಪ್ಯಾರಾ ಅಕ್ಷರ ಬದಲಾಗದೆ ಅಲ್ಲಿದ್ದವು. ಅವುಗಳ ಕೆಳಗೆ, ಅದೇ ಧಾಟಿಯಲ್ಲಿ, ನೂರಕ್ಕೆ ನೂರು ಸುಳ್ಳು. ಶಿಬಿರದ ಸ್ಥಳೀಯ ವ್ಯವಸ್ಥಾಪಕ ನಮ್ಮದೇ ಕಾಲೇಜಿನಲ್ಲಿ ಅಕ್ಕೋರ ಪಾಠ ಕೇಳಿ ಈಗ ಔಷಧದ ಅಂಗಡಿ ಇಟ್ಟಿರುವವನು, ಅಧ್ಯಕ್ಷರ ಅಕ್ಕನ ಮಗ. ಅಕ್ಕೋರ ಕೈ ಕನ್ನಡಕದತ್ತ ಹೋಗಲಿಲ್ಲ. ಸ್ಟೂಲು ಎಳೆದುಕೊಂಡು ಕೂತರು. “ಮಾತು ನಂದವಾ. ಅದರಾಗ ತುಂಬಿದ ಸುಳ್ಳು ನಂದಲ್ಲ” ಎಂದರು.

ಆಮೇಲೆ ದೇವಮ್ಮನಿಗೆ ನಿಧಾನವಾಗಿ ತಿಳಿಸಿ ಹೇಳಿದರು. ಇವರು ಕೂಸಿನ ಸೊಂಟದ ಮೂಳೆಯೊಳಗಿನಿಂದ ಕೋಶ ತೆಗೆದು ಬೆನ್ನಿಗೆ ಚುಚ್ಚುತ್ತಾರೆ. ಮೂಳೆಯೊಳಗಿನ ಮೂಲಕೋಶ ರಕ್ತವನ್ನು ಹುಟ್ಟಿಸುವಂಥದು, ಅದು ಮಿದುಳಿನದಲ್ಲ. ಮಿದುಳಿನದೇ ಆಗಿದ್ದರೂ, ಹೊಟ್ಟೆಯಲ್ಲಿದ್ದಾಗಿನ ಆ ಹೊತ್ತು, ಏರಲು ಆ ಎಳೆ, ಸುತ್ತಲಿನ ಸೂಚನೆ ಈಗ ಎಲ್ಲಿಂದ ಬರಬೇಕು? ಪ್ರಪಂಚದಲ್ಲಿ ಎಷ್ಟೋ ಪ್ರಾಮಾಣಿಕರು ಇದರ ಮೇಲೆ ದುಡಿಯುತ್ತಿದ್ದಾರೆ, ಮುಂದೊಂದು ದಿನ ಏನಾದರೂ ದಾರಿ ಸಿಕ್ಕೀತು, ಆದರೆ ಈ ಕಾಗದದಲ್ಲಿರುವುದು ಆ ದಾರಿಯಲ್ಲ ಎಂದರು. ದೇವಮ್ಮ ಕೂಸಿನ ಜೊಲ್ಲು ಒರೆಸುತ್ತ ಕೇಳಿಸಿಕೊಂಡಳು. ಮುಖದ ಕಳೆ ಇಳಿದುಹೋಯಿತು.

“ಹಂಗಾದ್ರ ನನ್ನ ಕೂಸಿಗೆ ಏನೂ ಇಲ್ಲೇನ್ರಿ?”

“ಅದ ನೋಡವಾ. ಕೂಡೋದು, ನುಂಗೋದು, ಹಿಡಿಯೋದು, ಒಂದೊಂದs ಕಲಿಸಬೇಕು. ಬಾಳ ಸಾವಕಾಶ ಆಗ್ತದ. ಖರೇ ಇದ್ದದ್ದು ಅಷ್ಟs.”

ಶಿಬಿರದ ದಿನ ಅಕ್ಕೋರು ರಜೆ ಹಾಕಿ ಸುರಪುರದ ಬಸ್ಸು ಹತ್ತಿದರು, ನಾನೂ ಹೋದೆ. ಕಲ್ಯಾಣ ಮಂಟಪದ ತುಂಬ ಜನ. ಅಷ್ಟೊಂದು ಮಕ್ಕಳನ್ನು, ಅಷ್ಟೊಂದು ಸೆಟೆದ ಕೈಕಾಲುಗಳನ್ನು ನಾನು ಒಂದೇ ಕಡೆ ಯಾವತ್ತೂ ನೋಡಿರಲಿಲ್ಲ. ಇವರೆಲ್ಲ ಇಷ್ಟು ದಿನ ಯಾವ ಮನೆಗಳ ಒಳಕೋಣೆಯಲ್ಲಿದ್ದರು? ಅಂಥ ಮನೆಗಳ ಬಾಗಿಲಿಗೆ ಯಾವ ಸರಕಾರವೂ ಯಾವ ಕಾಲೇಜೂ ಹೋಗಲಿಲ್ಲ, ಹೋದವರು ಸೂಜಿ ಮಾರುವವರು ಮಾತ್ರ ಎಂಬುದು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ವೇದಿಕೆಯ ಮೇಲಿದ್ದ ಡಾಕ್ಟರು ಪರದೆಯಲ್ಲಿ ಬಣ್ಣಬಣ್ಣದ ಚಿತ್ರ ತೋರಿಸುತ್ತಿದ್ದ. ಅಕ್ಕೋರು ನಡುವೆ ಎದ್ದು ನಿಂತು, ಯಾವ ಕೋಶ, ಎಲ್ಲಿಂದ ತೆಗೆಯುತ್ತೀರಿ, ಅದು ಮಿದುಳಿಗೆ ಹೋಗಿ ನರಕೋಶ ಆದದ್ದನ್ನು ಯಾರು ಯಾವ ಮಗುವಿನಲ್ಲಿ ನೋಡಿದ್ದಾರೆ ಎಂದು ಕೇಳಿದರು. ಅವನು ಇಂಗ್ಲಿಷಿಗೆ ತಿರುಗಿದ. ಅಕ್ಕೋರೂ ಇಂಗ್ಲಿಷಿನಲ್ಲೇ ಕೇಳಿದರು. ಅವನು ನೀರು ಕುಡಿದ. ಆಗ ಅವರು ಅವನನ್ನು ಬಿಟ್ಟು ಜನರ ಕಡೆ ತಿರುಗಿ, ಮೂಳೆಯೊಳಗಿನದು ಮಿದುಳಾಗುವುದಿಲ್ಲ, ಬೆನ್ನಿಗೆ ಚುಚ್ಚಿಸಿ ಮಕ್ಕಳ ಜೀವಕ್ಕೆ ಅಪಾಯ ತಂದುಕೊಳ್ಳಬೇಡಿ ಎಂದರು. ಸಭೆ ಕದಡಿತು. ನಮ್ಮ ಮುಂದಿನ ಸಾಲಿನಲ್ಲಿ ಮಗನನ್ನು ಭುಜಕ್ಕೆ ಒರಗಿಸಿಕೊಂಡು ಕೂತಿದ್ದ ಒಬ್ಬ ತಂದೆ ಎದ್ದು, “ನಿಮಗ ಮಕ್ಕಳದಾವೇನ್ರಿ?” ಎಂದು ಕೇಳಿದ. ಅಕ್ಕೋರು ಇಲ್ಲ ಎಂದರು. “ಹಂಗಾದ್ರ ಸುಮ್ಮ ಕೂಡ್ರಿ” ಎಂದ. ಅವನ ದನಿಯಲ್ಲಿ ಒರಟುತನಕ್ಕಿಂತ ಹೆಚ್ಚಾಗಿ ದಣಿವಿತ್ತು. ಅಷ್ಟಕ್ಕೇ ಕಾಯುತ್ತಿದ್ದ ವ್ಯವಸ್ಥಾಪಕನ ಕಡೆಯವರು ಅವರನ್ನು ತೋಳು ಹಿಡಿದು ಹೊರಗೆ ತಂದುಬಿಟ್ಟರು. ತನಗೆ ಕಲಿಸಿದ ಅಕ್ಕೋರನ್ನು ಹಾಗೆ ಎಳೆದು ತರುವಾಗ ವ್ಯವಸ್ಥಾಪಕ ಬಾಗಿಲಲ್ಲಿ ಫೋನು ನೋಡುತ್ತ ನಿಂತಿದ್ದ.

ಹೊರಗಿನ ಕಟ್ಟೆಯ ಮೇಲೆ ಕೂತು ಅವರು ಜಗ್ಗಿದ ಸೆರಗನ್ನು ಸರಿಮಾಡಿಕೊಂಡರು. ಮಕ್ಕಳಿಲ್ಲ ಎಂದು ಆಡಿಸಿಕೊಂಡದ್ದು ತಾಗಿರಬೇಕೆಂದು ನಾನು ಏನೋ ಸಮಾಧಾನ ಹೇಳಲು ಹೋದೆ. “ಆತನ ಮ್ಯಾಲ ನನಗ ಸಿಟ್ಟಿಲ್ರಿ ಸರ್. ಆತನ ಆಸೆಗೆ ಬೆಲಿ ಕಟ್ಟಿ ಕುಂತಾರಲ್ಲ, ಅವರ ಮ್ಯಾಲ ಅದ” ಎಂದರು.

ದೂರು ಕೊಟ್ಟರು. ದವಾಖಾನೆ ಇರುವುದು ಬೇರೆ ಜಿಲ್ಲೆಯಲ್ಲಿ, ಇಲ್ಲಿ ನಡೆದದ್ದು ಬರೇ ಮಾಹಿತಿ ಶಿಬಿರ, ಮಾಹಿತಿ ಕೊಡುವುದು ಅಪರಾಧವಲ್ಲ ಎಂದು ಆರೋಗ್ಯ ಇಲಾಖೆಯ ಅಧಿಕಾರಿ ನಗುನಗುತ್ತ ಹೇಳಿ ಚಹಾ ತರಿಸಿದ. ಅಕ್ಕೋರು ಚಹಾ ಮುಟ್ಟದೆ ಎದ್ದು ಬಂದರು.

ಅಷ್ಟರಲ್ಲಿ ರಂಗಂಪೇಟೆಯಲ್ಲಿ ಆಗಬಾರದ್ದು ಆಗಿಹೋಗಿತ್ತು. ದೇವಮ್ಮ ಒಪ್ಪದಿದ್ದರೂ ಅವಳು ಹತ್ತಿ ಬಿಡಿಸಲು ಹೋಗಿದ್ದ ದಿನ ಗಂಡ ಮತ್ತು ಅತ್ತೆ ಕೂಸನ್ನು ಆ ದವಾಖಾನೆಗೆ ಕರೆದೊಯ್ದಿದ್ದರು. ಅವರನ್ನು ನಾನು ಬೈಯಲಾರೆ. ಮೊಮ್ಮಗಳು ನಡೆಯುವುದನ್ನು ನೋಡಿ ಸಾಯಬೇಕೆಂದಿದ್ದ ಮುದುಕಿ ಆಕೆ. ಬೆನ್ನಿಗೆ ಚುಚ್ಚಿಸಿಕೊಂಡು ಬಂದ ಮೇಲೆ ಕೂಸಿಗೆ ಜ್ವರ ಏರಿತು, ಫಿಟ್ಸ್ ಬಂತು. ಕಲಬುರಗಿಯ ದವಾಖಾನೆಯಲ್ಲಿ ಮಿದುಳಿನ ಪೊರೆಗೆ ಸೋಂಕು ತಗುಲಿದೆ ಎಂದರು. ಬಹಳ ದಿನ ಅಲ್ಲಿದ್ದು ಕೂಸು ಬದುಕಿ ಬಂತು. ಬಾಯಲ್ಲಿದ್ದ ಆ ಒಂದು ಮಾತು ಮಾತ್ರ ಬರಲಿಲ್ಲ. ಸೂಜಿ ಹಾಕಿದವರನ್ನು ಕೇಳಿದರೆ, ಜ್ವರ ಯಾವ ಮಕ್ಕಳಿಗೂ ಬರುತ್ತದೆ ಎಂದರಂತೆ.

ಸೈಕಲ್ ಸ್ಟ್ಯಾಂಡಿನವರೆಗೆ ದನಿ ಕೇಳಿಸಿದ್ದು ಈ ಸುದ್ದಿ ಬಂದ ದಿನ. ಶಿಬಿರದಲ್ಲಿ ಗದ್ದಲ ಮಾಡಿ ಸಂಸ್ಥೆಯ ಹೆಸರು ಕೆಡಿಸಿದ್ದಕ್ಕೆ ಕ್ಷಮೆ ಕೇಳಬೇಕೆಂದು ಅಧ್ಯಕ್ಷರು ಅವರನ್ನು ಕರೆಸಿದ್ದರು. ಒಳಗೆ ನಡೆದದ್ದೆಲ್ಲ ನನಗೆ ಗೊತ್ತಿಲ್ಲ. ಹೊರಗಿನ ನಮಗೆಲ್ಲ ಸ್ಪಷ್ಟವಾಗಿ ಕೇಳಿಸಿದ್ದು ಒಂದು ಮಾತು: “ಒಂದು ಕೂಸಿನ ಬಾಯಾಗಿಂದ ಅವ್ವ ಅನ್ನೋ ಮಾತು ಕಸಗೊಂಡಾನ ನಿಮ್ಮ ಅಕ್ಕನ ಮಗ. ಕ್ಷಮಾ ಯಾರು ಕೇಳಬೇಕ್ರಿ?” ಮರುವಾರ ಪ್ರಯೋಗಾಲಯದ ಬೀಗದ ಕೈಯನ್ನು ಅವರಿಂದ ತೆಗೆದುಕೊಂಡರು. ವೇಳಾಪಟ್ಟಿ ಬರೆಯುವ ಕೆಲಸಕ್ಕೆ ಹಾಕಿದರು. ಕೆಲವು ತಿಂಗಳಲ್ಲಿ ನಿವೃತ್ತಿಯಾದಾಗ ಬೀಳ್ಕೊಡುಗೆ ನಡೆಯಲಿಲ್ಲ. ಆಗ ಸಿಗದ ಸಭಾಂಗಣ ಅವರು ಸತ್ತ ಮೇಲೆ ಸಿಕ್ಕಿತು.

ನಿವೃತ್ತಿಯ ನಂತರ ಪ್ರತಿ ರವಿವಾರ ಅವರು ರಂಗಂಪೇಟೆಗೆ ಹೋಗುತ್ತಿದ್ದರು. ಶಾಲೆಯೊಂದರ ಪಡಸಾಲೆಯಲ್ಲಿ ಇಂಥ ಮಕ್ಕಳ ತಾಯಂದಿರನ್ನು ಕೂಡಿಸಿದರು. ಯಾದಗಿರಿಯಿಂದ ವ್ಯಾಯಾಮ ಕಲಿಸುವ ಒಬ್ಬ ಹುಡುಗಿಯನ್ನು ಕಾಡಿ ಬೇಡಿ ಕರೆತರುತ್ತಿದ್ದರು. ಕುತ್ತಿಗೆ ನಿಲ್ಲದ ಮಕ್ಕಳಿಗೆ ಮೂಲೆಗೆ ಒರಗಿದಂತೆ ಎರಡೂ ಕಡೆ ಆಸರೆ ಸಿಗುವ ಕುರ್ಚಿಗಳನ್ನು ಬಡಿಗರಿಂದ ಮಾಡಿಸಿದರು. ಅಂಬಲಿಯನ್ನು ಉಸಿರುಗಟ್ಟದಂತೆ ಕುಡಿಸುವುದು ಹೇಗೆ, ಸೆಟೆದ ಕಾಲನ್ನು ಬಿಡಿಸುವುದು ಹೇಗೆ ಎಂದು ತಾವೂ ಕಲಿತರು, ಕಲಿಸಿದರು. ಅಲ್ಲಿಯೂ ಅವರೇನೂ ಮೆತ್ತಗಾಗಿರಲಿಲ್ಲ. ತನ್ನ ಕರ್ಮದಿಂದ ಕೂಸು ಹೀಗಾಯಿತು ಎಂದು ಯಾವ ತಾಯಿಯಾದರೂ ಅಂದರೆ ಬೈದುಬಿಡುತ್ತಿದ್ದರು. ದೇವಮ್ಮ ಹೇಳುವ ಪ್ರಕಾರ, ಆ ಬೈಗುಳ ತಿನ್ನಲೆಂದೇ ಎಷ್ಟೋ ತಾಯಂದಿರು ಬರುತ್ತಿದ್ದರು. ಮನೆಯಲ್ಲಿ ಬೇರೆ ಎಲ್ಲರೂ ಅದನ್ನೇ ಅನ್ನುತ್ತಿದ್ದರು. ಅಲ್ಲ ಎಂದು ಸಿಟ್ಟಿನಿಂದ ಹೇಳಿದವರು ಅಕ್ಕೋರೊಬ್ಬರೇ.

ಹೊಳೆ ದಂಡೆಯ ತಮ್ಮ ಊರಿನಲ್ಲಿದ್ದಾಗ ಎದೆನೋವು ಬಂದು, ದವಾಖಾನೆ ಮುಟ್ಟುವುದರೊಳಗೆ ಹೋಗಿಬಿಟ್ಟರು. ಸಂತಾಪ ಸಭೆಗೆ ರಂಗಂಪೇಟೆಯ ಯಾರಿಗೂ ಕರೆ ಇರಲಿಲ್ಲ.

ಹೋದ ತಿಂಗಳು ಯಾದಗಿರಿಯಲ್ಲಿ ಮತ್ತೊಂದು ಶಿಬಿರದ ಫಲಕ ಕಂಡೆ. ದವಾಖಾನೆಯ ಹೆಸರು ಬೇರೆ, ಸೂಜಿ ಅದೇ. ಏನಾದರೂ ಮಾಡಬೇಕೆಂದು, ಏನೆಂದು ತಿಳಿಯದೆ ಹೋದೆ. ಗೇಟಿನ ಹೊರಗೆ ಆಟೋಗಳು ನಿಲ್ಲುವ ಕಡೆ ದೇವಮ್ಮ ಆಗಲೇ ಬಂದು ಕೂತಿದ್ದಳು, ತೊಡೆಯ ಮೇಲೆ ಮಗಳು. ಒಳಗೆ ಹೋಗಿ ಜಗಳ ಮಾಡಿದರೆ ಹೊರಗೆ ಹಾಕುತ್ತಾರೆ, ಅದಕ್ಕೇ ಹೊರಗೇ ಕೂತಿದ್ದೇನೆ ಎಂದಳು. ಬಂದವರನ್ನೆಲ್ಲ ನಿಲ್ಲಿಸಿ ತನ್ನ ಮಗಳಿಗೆ ಆದದ್ದನ್ನು ಹೇಳುತ್ತಿದ್ದಳು, ರಂಗಂಪೇಟೆಯ ಪಡಸಾಲೆಗೆ ಬನ್ನಿ ಎನ್ನುತ್ತಿದ್ದಳು. ಕೇಳಿ ಕೆಲವರು ಹಿಂತಿರುಗಿದರು. ಹೆಚ್ಚಿನವರು ಒಳಗೇ ಹೋದರು. ಒಳಗಿನಿಂದ ಟೈ ಕಟ್ಟಿದ ಒಬ್ಬ ಯುವಕ ಬಂದು, ಇಲ್ಲಿ ಕೂರಬಾರದು, ಎದ್ದೇಳು ಎಂದು ಗದರಿದ.

ದೇವಮ್ಮ ಏಳಲಿಲ್ಲ. “ಮೂಳಿ ಒಳಗಿಂದು ಮಿದುಳಾಗ್ತದಂತ ಬರದು ಕೊಡ್ರಿ, ಎದ್ದು ಹೋಗ್ತೀನಿ” ಎಂದಳು.

ಅವನು ನನ್ನ ಮುಖ ನೋಡಿದ. ನಾನೂ, ಬರೆದು ಕೊಡಿ ಎಂದೆ. ಯಾರನ್ನೋ ಕೇಳಿ ಬರುತ್ತೇನೆಂದು ಒಳಗೆ ಹೋದವನು ಮತ್ತೆ ಬರಲಿಲ್ಲ. ಅಷ್ಟರಲ್ಲಿ ಗುರುಮಿಠಕಲ್ ಕಡೆಯಿಂದ ಬಂದ ಒಂದು ಆಟೋ ನಿಂತಿತು. ಅದರಿಂದ ಮೊದಲು ಒಬ್ಬ ಅಜ್ಜಿ ಇಳಿದಳು, ಆಮೇಲೆ ಕಂಬಳಿಯಲ್ಲಿ ಸುತ್ತಿದ ಮಗುವನ್ನು ಎತ್ತಿಕೊಂಡ ಒಬ್ಬ ಹೆಂಗಸು. ದೇವಮ್ಮ ನನ್ನನ್ನು ತನ್ನ ಜಾಗದಲ್ಲಿ ಕೂಡಿಸಿ, ಮಗಳನ್ನು ನನ್ನ ತೊಡೆಯ ಮೇಲೆ ಮಲಗಿಸಿ, ಕುತ್ತಿಗೆಯ ಕೆಳಗೆ ನನ್ನ ಕೈ ಹೇಗಿರಬೇಕೆಂದು ಸರಿಮಾಡಿ ತೋರಿಸಿ, ಅವರ ಕಡೆ ನಡೆದಳು.